ರಾಯ್ಸ್‌ನ ಬಿಲ್ಲೆ

ಬಿಲ್ಲೆಯನ್ನು ತೆಗೆದವನು ನಾನು. ಎರಡು ಸೆಕೆಂಡಿನ ಕೆಲಸ ಅದು. ದಾರಕ್ಕೆ ಸಿಕ್ಕಿಸಿದ್ದ ಬಿಸ್ಕತ್ತಿನಷ್ಟು ಅಗಲದ ಬಿಳಿ ಪ್ಲಾಸ್ಟಿಕ್ಕು, ಅಂಚಿನಲ್ಲಿ ರಾಯ್ಸ್ ಕಾದ ಮೊಳೆಯಿಂದ ಸುಟ್ಟು ಮಾಡಿದ್ದ ಎರಡು ಕಚ್ಚು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಲಿ ಎಂದು ಎಲ್ಲರೂ ತಮ್ಮತಮ್ಮ ಬಿಲ್ಲೆಗೆ ಹೀಗೆ ಏನಾದರೊಂದು ಮಾಡಿಕೊಂಡಿರುತ್ತೇವೆ. ನಾನು ಅದನ್ನು ಬಿಡಿಸಿ ತೊಡೆಯ ಜೇಬಿಗೆ ಹಾಕಿಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಹಿಂದಿನ ಸಂಜೆ ಅವನೇ ಕೇಳಿದ್ದ. ಪ್ರತಿ ಜನವರಿಯಲ್ಲೂ ಒಂದು ವಾರಾಂತ್ಯ ನಾವು ಪೆಟ್ಟಿಜಾನ್ ಬುಗ್ಗೆಗೆ ಬರುತ್ತೇವೆ. ಬೇಸಿಗೆಯಲ್ಲಿ ಟ್ಯೂಬು ಹಿಡಿದು ತೇಲುವವರ ಗಲಾಟೆ. ಚಳಿಯಲ್ಲಿ ಯಾರೂ ಇರುವುದಿಲ್ಲ. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುವಾಗಲೂ ನೀರು ಮಾತ್ರ ವರ್ಷವಿಡೀ ಇರುವ ಹಾಗೇ ಇರುತ್ತದೆ, ಅದರ ಮೇಲೆ ಹಬೆ ಏಳುತ್ತದೆ. ರಾಯ್ಸ್ ಶುಕ್ರವಾರ ಮಧ್ಯಾಹ್ನವೇ ಬಂದು ಡೇರೆ ಹಾಕಿದ್ದ. ನಾನೂ ಓಡೆಲ್ಲರೂ ತಲುಪುವಷ್ಟರಲ್ಲಿ ಬೆಂಕಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಉಪ್ಪುನೀರಿಗೆ ಕಡಲೆಕಾಯಿ ಬೇಯಿಸುತ್ತ ಕೂತಿದ್ದ. ತಲೆಗೂದಲು ಒದ್ದೆಯಾಗಿತ್ತು.

"ಮತ್ತೆ ಒಬ್ನೇ ಇಳಿದ್ಯಾ?" ಓಡೆಲ್ಲರು ಕಾರಿನ ಬಾಗಿಲು ಹಾಕುವ ಮೊದಲೇ ಶುರು ಮಾಡಿದರು. ಅವರಿಗೆ ಅರವತ್ತಮೂರು. ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬುಗ್ಗೆಯ ತಳದಲ್ಲಿರುವಂಥ ನೀರು ತುಂಬಿದ ಗವಿಯೊಳಗೆ ಈಜುವುದನ್ನು ನಮ್ಮಿಬ್ಬರಿಗೂ ಕಲಿಸಿದವರು.

"ಒಬ್ನೇ ಯಾಕೆ, ಜೊತೆಗೆ ನಿಮ್ಮ ನೆನಪಿತ್ತಲ್ಲ. ನೆನಪು ಗಾಳಿ ಖರ್ಚು ಮಾಡಲ್ಲ ನೋಡಿ."

"ನಗು, ನಗು. ಇಲ್ಲಿ ತನಕ ಹನ್ನೊಂದು ಹೆಣ ಎಳ್ದಿದೀನಿ ನಾನು. ಎಲ್ರೂ ಹೀಗೇ ನಗ್ತಿದ್ದೋರೇ."

"ಟಲ್ಲಿ, ಇವ್ರಿಗೆ ಕಡಲೆಕಾಯಿ ಕೊಡೋ ಮಾರಾಯ, ಬಾಯಿಗೆ ಕೆಲಸ ಸಿಗ್ಲಿ." ಆಮೇಲೆ, ಓಡೆಲ್ಲರು ಸಾಮಾನು ಇಳಿಸಲು ಕಾರಿನ ಕಡೆ ಹೋದಾಗ, ಬೆಂಕಿ ಕೆದಕುತ್ತ ನನ್ನತ್ತ ನೋಡದೆ ಹೇಳಿದ: "ಅಂದಹಾಗೆ, ಕವಲಲ್ಲಿ ನನ್ನ ಬಿಲ್ಲೆ ಮರ್ತು ಬಂದೆ ಕಣೋ. ನಾಳೆ ಆ ಕಡೆ ಹೋದ್ರೆ ತಗೊಂಡ್ ಬಾ."

"ಮರ್ತು ಬಂದ್ಯಾ? ನೀನು?"

"ವಯಸ್ಸಾಯ್ತಪ್ಪ. ಮೂವತ್ತೊಂಬತ್ತು."

ಅವನು ಏನನ್ನೂ ಮರೆಯುವವನಲ್ಲ. ಯಾಕೆ ಎಂದು ನಾನು ಕೇಳಬೇಕಿತ್ತು. ಕಡಲೆಕಾಯಿ ಬಿಡಿಸುತ್ತ ಕೂತೆ.

ಪೆಟ್ಟಿಜಾನ್ ಗವಿಯ ಬಾಯಿಯಿಂದ ಒಂಬೈನೂರು ಅಡಿ ಒಳಗೆ ಆ ಕವಲಿದೆ. ದಾರಿ ತಪ್ಪದಿರಲೆಂದು ಹೊರಗಿನಿಂದ ಕಟ್ಟಿಕೊಂಡು ಬಂದಿರುವ ನೈಲಾನ್ ದಾರ ಅಲ್ಲಿ ಎರಡಾಗಿ ಒಡೆದು, ಒಂದು ಎಡಕ್ಕೂ ಒಂದು ಬಲಕ್ಕೂ ಹೋಗುತ್ತದೆ. ಬೇರೆ ಗವಿಗಳಲ್ಲಿ ಇಂಥ ಕಡೆ ಹೊರದಾರಿ ತೋರಿಸುವ ಬಾಣಗಳನ್ನು ಖಾಯಮ್ಮಾಗಿ ಕಟ್ಟಿರುತ್ತಾರೆ. ಜಮೀನಿನ ಒಡತಿ, ಪೆಟ್ಟಿಜಾನ್ ಮುದುಕಿ, ತನ್ನ ಗವಿಯಲ್ಲಿ ದಾರವೊಂದನ್ನು ಬಿಟ್ಟು ಬೇರೇನೂ ಇರಕೂಡದು ಎನ್ನುತ್ತಾಳೆ. ಹಾಗಾಗಿ ಹೋದವರು ಹೊರದಾರಿಯ ದಾರಕ್ಕೆ ತಮ್ಮ ಬಿಲ್ಲೆ ಸಿಕ್ಕಿಸಿ ಮುಂದೆ ಹೋಗಬೇಕು, ಬರುವಾಗ ತೆಗೆದುಕೊಂಡು ಬರಬೇಕು. ಹೂಳು ಕದಡಿ ನೀರು ಗಂಜಿಯಾದರೆ, ದೀಪ ಹಚ್ಚಿದರೂ ಒಂದೇ, ಆರಿಸಿದರೂ ಒಂದೇ. ಆಗ ಮೂರು ದಾರಗಳನ್ನೂ ತಡವಿ, ನಿನ್ನ ಬಿಲ್ಲೆ ಯಾವುದರ ಮೇಲಿದೆಯೋ ಅದನ್ನು ಹಿಡಿದು ಹೊರಡಬೇಕು. ಆ ಜಾಗದಲ್ಲಿ ನೀರಿನ ಸೆಳೆತ ಸುತ್ತಿ ಸುತ್ತಿ ಬರುತ್ತದೆ, ಅದನ್ನು ನಂಬುವ ಹಾಗಿಲ್ಲ. ಬಿಲ್ಲೆಯೊಂದೇ ಗತಿ.

ಬೇರೆಯವರ ಬಿಲ್ಲೆ ಮುಟ್ಟಬಾರದು. ಓಡೆಲ್ಲರು ಮೊದಲ ದಿನ ಹೇಳಿಕೊಡುವ ಪಾಠ ಅದು. ಬಿಲ್ಲೆಯ ಒಡೆಯನೇ ಕೇಳಿಕೊಂಡರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಾವಿಬ್ಬರೂ ಇಳಿಯುವಾಗ ರಾಯ್ಸ್‌ನ ಡೇರೆಯ ಜಿಪ್ಪು ಹಾಕಿತ್ತು. "ಮಲಗ್ಲಿ ಬಿಡು, ರಾಜಕುಮಾರ," ಎಂದರು ಓಡೆಲ್ಲರು. ಕವಲು ಇನ್ನು ಹತ್ತು ಅಡಿ ಇದೆ ಎನ್ನುವಾಗ ಅವರ ದೊಡ್ಡ ದೀಪ ಆರಿಹೋಯಿತು. ದೀಪ ಕೆಟ್ಟರೆ ವಾಪಸ್ಸು, ಮಾತಿಲ್ಲ. ಅವರು ಹೊರಡೋಣ ಎಂದು ಹೆಬ್ಬೆರಳು ಮೇಲೆತ್ತಿ ತೋರಿಸಿ, ಸಣ್ಣ ದೀಪ ಹಚ್ಚಿಕೊಂಡು ತಿರುಗಿದರು. ನಾನು ಹಿಂದೆ ಉಳಿದೆ. ನೀರು ಗಾಜಿನಂತೆ ತಿಳಿಯಾಗಿತ್ತು. ಎದುರಿಗೆ, ಹೊರದಾರಿಯ ದಾರದ ತುದಿಯಲ್ಲಿ, ಬಿಳಿ ಬಿಲ್ಲೆ. ಒಂದೇ ಒಂದು. ನಾಲ್ಕು ಸಲ ಕಾಲು ಬಡಿದು ಮುಂದೆ ಹೋಗಿ ತೆಗೆದುಕೊಂಡೆ.

ಮೇಲೆ ಬಂದಾಗ ಹತ್ತೂಮುಕ್ಕಾಲು. ಉಡುಪು ಬಿಚ್ಚಿ, ಕಾಫಿಗೆ ನೀರಿಟ್ಟೆವು.

"ಏಯ್ ಸೋಮಾರಿ, ಏಳೋ!" ಓಡೆಲ್ಲರು ಡೇರೆಯನ್ನು ಕಾಲಿನಿಂದ ತಟ್ಟಿದರು. ಅದು ಖಾಲಿ ಬಟ್ಟೆಯಂತೆ ಒಳಗೆ ಕುಸಿಯಿತು. ಅವರು ಜಿಪ್ಪು ಎಳೆದು ನೋಡಿದರು. ಆಮೇಲೆ ರಾಯ್ಸ್‌ನ ಟ್ರಕ್ಕಿನ ಹಿಂಬದಿಗೆ ಹೋದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನು ಅಲ್ಲಾಡಲಿಲ್ಲ.

"ಸಿಲಿಂಡರ್ ಇಲ್ಲ," ಅಂದರು.

ಆ ಕ್ಷಣ ನನಗೆ ಎಲ್ಲವೂ ತಿಳಿದುಹೋಯಿತು. ನಮಗಿಂತ ಮುಂಚೆ ಎದ್ದು ಇಳಿದಿದ್ದಾನೆ. ಕವಲಲ್ಲಿ ನಿನ್ನೆಯ ಬಿಲ್ಲೆ ಹಾಗೇ ಇತ್ತು. ಒಳ್ಳೆಯದೇ ಆಯಿತೆಂದು ಅದನ್ನೇ ಇವತ್ತಿನ ಗುರುತಿಗೆ ಬಿಟ್ಟು ಎಡಕ್ಕೆ ಹೋಗಿದ್ದಾನೆ. ಎಡಗವಲಿನಲ್ಲಿ ಹೊಟ್ಟೆ ಉಜ್ಜುವಷ್ಟು ತಗ್ಗಿನ ಸಂದಿಯೊಂದಿದೆ, ನೆಲವೆಲ್ಲ ಹಿಟ್ಟಿನಂಥ ಜೇಡಿ. ಅದು ಕದಡಿ, ರಾಡಿಯಲ್ಲೇ ದಾರ ಹಿಡಿದು ಕವಲಿಗೆ ವಾಪಸ್ಸು ಬಂದಾಗ ಅವನ ಬೆರಳಿಗೆ ಏನೂ ಸಿಕ್ಕಿಲ್ಲ. ಉಳಿದ ಎರಡರಲ್ಲಿ ಒಂದನ್ನು ಆರಿಸಿಕೊಂಡಿದ್ದಾನೆ. ಹೊರದಾರಿಯದಾಗಿದ್ದರೆ ಇಷ್ಟರಲ್ಲಿ ಮೇಲೆ ಬಂದಿರುತ್ತಿದ್ದ.

ಓಡೆಲ್ಲರು ಷೆರಿಫ್ ಕಚೇರಿಗೆ ಫೋನು ಮಾಡುತ್ತಿದ್ದರು. ಇಂಥ ಸಂದರ್ಭಕ್ಕೆ ಕಚೇರಿಯವರು ಕರೆಯುವ ಪಟ್ಟಿಯಲ್ಲಿ ಮೊದಲ ಹೆಸರೇ ಅವರದು. "ಬೇರೆಯವ್ರಿಗೆ ಕಾಯೋದು ಬೇಡ," ಎಂದರು ನನಗೆ. "ಬರ್ತೀಯಾ? ಆಗಲ್ಲ ಅಂದ್ರೆ ಹೇಳು, ಬೇಜಾರಿಲ್ಲ." ನನ್ನ ಜೇಬಿನಲ್ಲಿರುವುದನ್ನು ಹೇಳಲು ಬಾಯಿ ತೆರೆದೆ. "ಬರ್ತೀನಿ," ಅಂದೆ.

ಕವಲಿನಲ್ಲಿ ಈಗ ಗೇಣುದ್ದವೂ ಕಾಣುತ್ತಿರಲಿಲ್ಲ. ಓಡೆಲ್ಲರು ನನ್ನ ಭುಜ ಎರಡು ಸಲ ಒತ್ತಿ, ಇಲ್ಲೇ ಇರು ಎಂದು ತಿಳಿಸಿ, ತಮ್ಮ ಬಿಲ್ಲೆಯ ಬದಲು ನನ್ನನ್ನೇ ಗುರುತಾಗಿ ಬಿಟ್ಟು, ಎಡದ ದಾರ ಹಿಡಿದು ಹೋದರು. ಹನ್ನೆರಡು ನಿಮಿಷ ನಾನು ಆ ಕಂದು ಕತ್ತಲೆಯಲ್ಲಿ ನನ್ನ ಉಸಿರಿನ ಸದ್ದು ಕೇಳುತ್ತ ತೇಲಿದೆ. ಬಿಲ್ಲೆ ಇಲ್ಲದಿದ್ದರೆ ಓಡೆಲ್ಲರು ವರದಿಯಲ್ಲಿ ಬರೆಯುವುದು ಒಂದೇ: ಗುರುತು ಇಡಲಿಲ್ಲ. ರಾಯ್ಸ್ ಬೇಜವಾಬ್ದಾರಿಯಿಂದ ಸತ್ತ ಎಂದು ನಾಳೆಯಿಂದ ಹೊಸಬರಿಗೆಲ್ಲ ಪಾಠವಾಗುತ್ತದೆ. ಅದು ಸುಳ್ಳು. ಅವನು ಗುರುತು ಇಟ್ಟಿದ್ದ. ಇದ್ದದ್ದನ್ನು ಇದ್ದಲ್ಲೇ ಇಟ್ಟರೆ ಅವನಿಗೆ ನ್ಯಾಯವೇ ಆಗುತ್ತದೆ.

ಹೀಗೆಲ್ಲ ಹೇಳಿಕೊಂಡೆ. ನನ್ನ ಕೈ ಮಾತ್ರ ಇಷ್ಟೆಲ್ಲ ಹೇಳುವ ಮೊದಲೇ ಜೇಬಿನ ಪಟ್ಟಿ ಬಿಚ್ಚಿತ್ತು. ಬಿಲ್ಲೆಯನ್ನು ಹೊರದಾರಿಯ ದಾರಕ್ಕೆ ಸಿಕ್ಕಿಸಿದೆ.

ಓಡೆಲ್ಲರು ಬರಿಗೈಯಲ್ಲಿ ವಾಪಸ್ಸು ಬಂದು ಕವಲಿನ ಮೂರೂ ದಾರಗಳನ್ನು ಒಂದೊಂದಾಗಿ ತಡವಿದರು. ಒಂದು ಕಡೆ ಬೆರಳು ನಿಂತಿತು. ನೀರಿನೊಳಗೆ ಬರೆಯುವ ಸಣ್ಣ ಹಲಗೆಯನ್ನು ಮುಖಕ್ಕೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಏನೋ ಬರೆದುಕೊಂಡರು.

ರಾಯ್ಸ್ ಬಲಗವಲಿನಲ್ಲಿ ಮುನ್ನೂರೈವತ್ತು ಅಡಿ ಒಳಗಿದ್ದ. ಮುಖ ಇನ್ನೂ ಒಳದಿಕ್ಕಿಗೇ ಇತ್ತು. ಎರಡು ಬೆರಳು ಉಂಗುರದಂತೆ ದಾರದ ಸುತ್ತ ಬಿಗಿದಿದ್ದವು. ಹೊರಗೆ ಹೋಗುತ್ತಿದ್ದೇನೆ ಎಂಬ ನಂಬಿಕೆಯಲ್ಲೇ ಕೊನೆಯ ತನಕ ಈಜಿದ್ದಾನೆ. ಸಿಲಿಂಡರಿನ ಮೀಟರು ಸೊನ್ನೆ ತೋರಿಸುತ್ತಿತ್ತು. ಆ ಬೆರಳುಗಳನ್ನು ಬಿಡಿಸಿದ್ದು ಓಡೆಲ್ಲರು. ಬೆಳಕಿರುವಾಗಲೇ ಮೇಲೆ ತಂದೆವು.

ದಡದಲ್ಲಿ ಉಡುಪು ಬಿಚ್ಚುತ್ತ ಅವರು ಕೇಳಿದರು. "ಬೆಳಿಗ್ಗೆ ಬಿಲ್ಲೆ ನೋಡಿದ್ಯಾ ನೀನು? ನನ್ನ ದೀಪ ಹೋಗಿತ್ತು."

"ಇತ್ತು."

"ಅಂದ್ರೆ ನಾವು ಅಲ್ಲಿದ್ದಾಗ ಒಳಗೇ ಇದ್ದ." ಅವರು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡರು. "ಯಾಕೋ ಹಂಗೆ ಮಾಡ್ದ? ಮುಟ್ಟಿ ನೋಡೋಕೆ ಎಷ್ಟೊತ್ತು ಬೇಕು?"

ಭಾನುವಾರ ಬೆಳಿಗ್ಗೆ ಕೊರೀನ್ ಬಂದಳು. ರಾಯ್ಸ್‌ನ ಹೆಂಡತಿ, ಹನ್ನೆರಡು ವರ್ಷದ ಮದುವೆ, ಮೊದಲ ಐದು ವರ್ಷ ಅವಳೂ ನಮ್ಮೊಡನೆ ಇಳಿಯುತ್ತಿದ್ದಳು. ಟ್ರಕ್ಕು ತೆಗೆದುಕೊಂಡು ಹೋಗಲು ಬಂದೆ ಎಂದಳು. ಓಡೆಲ್ಲರು ಅವಳನ್ನು ತಬ್ಬಿಕೊಂಡು ಮಾತಾಡಿಸಿ, ಖಾಲಿ ಸಿಲಿಂಡರುಗಳನ್ನು ತಮ್ಮ ಕಾರಿಗೆ ತುಂಬಲು ಹೋದರು. ನಾನೂ ಅವಳೂ ಡೇರೆ ಬಿಚ್ಚಲು ಕೂತೆವು. ಗೂಟಗಳು ಹೆಪ್ಪುಗಟ್ಟಿದ ನೆಲದಲ್ಲಿ ಕಚ್ಚಿಕೊಂಡಿದ್ದವು.

"ಓಡೆಲ್ ಹೇಳಿದ್ರು," ಎಂದಳು. "ಬಿಲ್ಲೆ ಇರೋ ಜಾಗದಲ್ಲೇ ಇತ್ತಂತೆ."

"ಹೂಂ."

"ಸರಿಯಾದ ದಾರದ ಮೇಲೇ."

"ಹೂಂ."

"ಗಾಬರಿ ಆಗಿರ್ಬೇಕು ಅಂತ ಬರೀತಾರಂತೆ." ಅವಳು ಒಂದು ಗೂಟ ಕಿತ್ತು ಮಣ್ಣು ಕೊಡವಿದಳು. "ರಾಯ್ಸ್‌ಗೆ ಗಾಬರಿ ಆಗಿದ್ದನ್ನ ನೋಡಿದೀಯಾ ನೀನು?"

"ಒಳಗೆ ಯಾರಿಗಾದ್ರೂ ಆಗ್ಬಹುದು ಕೊರೀನ್."

"ನಮ್ಮ ಹಿತ್ತಲಲ್ಲಿ ಓಕ್ ಮರಗಳಿಗೆ ದಾರ ಸುತ್ತಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸ್ತಿದ್ದ. ಕವಲು ಬಂದ್ರೆ ಮೂರನ್ನೂ ಮುಟ್ಟೋ ತನಕ ಹೆಜ್ಜೆ ಎತ್ತೋಕೆ ಬಿಡ್ತಿರ್ಲಿಲ್ಲ. ಬೈತಿದ್ದ. ಒಂದ್ಸಲ ಮಳೇಲಿ ಎರಡು ಗಂಟೆ ನಿಲ್ಲಿಸಿದ್ದ, ಬಡ್ಡಿಮಗ." ನಗು ಬಂದು ಅರ್ಧಕ್ಕೆ ನಿಂತಿತು. "ಮುಟ್ಟಿದಾನೆ ಟಲ್ಲಿ. ಮುಟ್ಟಿ, ಹೊರಗಿನ ದಾರಿ ಯಾವ್ದು ಅಂತ ಗೊತ್ತಾಗಿ, ಬೇರೆ ಕಡೆ ಹೋಗಿದಾನೆ."

ನಾನು ಗೂಟವನ್ನು ಹಿಡಿದುಕೊಂಡೇ ಇದ್ದೆ.

"ಗುರುವಾರ ಹೇಳ್ದೆ ಅವ್ನಿಗೆ. ವಾಲ್ಡೋಸ್ಟಾಕ್ಕೆ ಅಕ್ಕನ ಮನೆಗೆ ಹೋಗ್ತೀನಿ, ಇನ್ನು ಬರಲ್ಲ ಅಂತ. ಜಗಳ ಇಲ್ಲ, ಏನಿಲ್ಲ. ಸರಿ ಅಂದ. ಪಾತ್ರೆ ತೊಳ್ದ. ಶುಕ್ರವಾರ ಇಲ್ಲಿಗೆ ಬಂದ." ಅವಳ ದನಿ ಬ್ಯಾಂಕಿನಲ್ಲಿ ವಿಳಾಸ ಹೇಳುವವರ ದನಿಯಂತೆ ಒಂದೇ ಸಮ ಇತ್ತು. "ನಾನೇ ಅಲ್ವಾ? ನಿಂಗೆ ಏನಾದ್ರೂ ಹೇಳಿದ್ನಾ? ನಿಜ ಹೇಳು. ನಾನು ತಡ್ಕೋತೀನಿ. ಗೊತ್ತಿಲ್ದೆ ಇರೋದನ್ನ ತಡ್ಕೊಳ್ಳೋಕಾಗಲ್ಲ."

ಏನೂ ಹೇಳಲಿಲ್ಲ ಎಂದು ಅಂದಿದ್ದರೆ ಅದೂ ನಿಜವೇ. ಬೆಳಿಗ್ಗೆ ಬಿಲ್ಲೆ ಇತ್ತು ಎಂದು ನಿನ್ನೆ ಓಡೆಲ್ಲರಿಗೆ ಅಂದದ್ದರಂತೆ ಇದೂ ಇನ್ನೊಂದು ನಿಜ. ಇನ್ನೊಂದು ವಾರದಲ್ಲಿ ಅವಳು ಹಿತ್ತಲಿನ ಮರಗಳಿಗೆ ದಾರ ಕಟ್ಟಿ ಕಣ್ಣು ಮುಚ್ಚಿ ನಡೆದು ನೋಡುತ್ತಾಳೆ, ಇನ್ನು ಮೂವತ್ತು ವರ್ಷವಾದರೂ ನಡೆಯುತ್ತಲೇ ಇರುತ್ತಾಳೆ ಎಂದು ನನಗೆ ಅನ್ನಿಸಿತು. ಪ್ರತಿ ಸಲವೂ ಅವಳ ಕೈಗೆ ನಾನು ಇಟ್ಟ ಬಿಲ್ಲೆ ಸಿಗುತ್ತದೆ.

"ಅವನು ಮುಟ್ಟಿದಾಗ ಬಿಲ್ಲೆ ಅಲ್ಲಿರ್ಲಿಲ್ಲ," ಎಂದೆ.

ಅವಳು ತಲೆ ಎತ್ತಲಿಲ್ಲ.

"ನನ್ನ ಜೇಬಲ್ಲಿತ್ತು. ತಗೊಂಡ್ ಬಾ ಅಂತ ಶುಕ್ರವಾರ ಅವನೇ ಹೇಳಿದ್ದ. ಒಳಗಿದಾನೆ ಅಂತ ಗೊತ್ತಿರ್ಲಿಲ್ಲ. ಹುಡುಕೋಕೆ ಹೋದಾಗ ವಾಪಸ್ ಇಟ್ಟೆ."

ಬುಗ್ಗೆಯ ಕಡೆಯಿಂದ ಒಂದು ಕೊಕ್ಕರೆ ಎದ್ದು ಹೋಯಿತು. ಅವಳು ಗೂಟಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದಳು. ಎರಡು ಸಲ ಗಂಟು ಜಾರಿತು. ನಾನು ಹಿಡಿಯಲು ಕೈ ಚಾಚಿದಾಗ ಚೀಲವನ್ನು ತನ್ನತ್ತ ಎಳೆದುಕೊಂಡಳು.

"ವಾಪಸ್ ಇಟ್ಟೆ," ಎಂದಳು.

"ಹೂಂ."

"ನಿನ್ನೆಯಿಂದ ನಾನು ಏನೇನು ಅಂದ್ಕೊಂಡೆ ಗೊತ್ತಾ ನಿಂಗೆ?"

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಮಂಡಿಯ ಮಣ್ಣು ಒರೆಸಿಕೊಂಡು ಕಾರಿನ ಕಡೆ ತಿರುಗಿದಳು.

"ಓಡೆಲ್! ಸ್ವಲ್ಪ ಇಲ್ಲಿ ಬನ್ನಿ."

ಅವರು ಕೈ ಒರೆಸಿಕೊಳ್ಳುತ್ತ ಬಂದರು. ನಮ್ಮಿಬ್ಬರ ಮುಖ ನೋಡಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

"ಹೇಳು," ಎಂದಳು ಕೊರೀನ್. "ಇವ್ರಿಗೂ ಹೇಳು. ಇನ್ನೂ ಹತ್ರ ಬನ್ನಿ ಓಡೆಲ್, ಇವನ ದನಿ ಕೇಳಲ್ಲ."

ನಾನು ಮೊದಲಿನಿಂದ ಶುರು ಮಾಡಿದೆ.