ಟೀ ಆರಿಹೋಯ್ತು, ಕುಡಿ

ದೊಡ್ಡಮ್ಮ ಸುಮ್ಮನಿದ್ದಷ್ಟು ಹೊತ್ತನ್ನು ನನ್ನ ಮಾರ್ಗದರ್ಶಕರು ಧ್ವನಿಮುದ್ರಣದಿಂದ ಕತ್ತರಿಸಿ ತೆಗೆದಿದ್ದಾರೆ. ನನ್ನನ್ನು ಕೇಳಲಿಲ್ಲ. ಸಭೆಯ ಮುಂದೆ ನಿಂತು ಗುಂಡಿ ಒತ್ತಿದ ಮೇಲೆಯೇ ನನಗೆ ತಿಳಿದದ್ದು, ಬೆಂಕಿ ಬಿದ್ದ ದಿನ ಆಸ್ಪತ್ರೆಯವರು ಬಾಗಿಲಿಗೆ ಬೀಗ ಹಾಕಿದ್ರಾ ದೊಡ್ಡಮ್ಮ, ಅಂತ ನನ್ನ ದನಿ, ಅದರ ಬೆನ್ನಿಗೇ ಅವಳ ದನಿ, ಟೀ ಆರಿಹೋಯ್ತು, ಕುಡಿ — ಸಭೆ ಗೊಳ್ಳೆಂದಿತು. ನಕ್ಕವರು ಬೀದಿಯ ಪೋಲಿಗಳಲ್ಲ, ಇತಿಹಾಸ ಓದಿದವರು, ನನ್ನ ಜೊತೆಯಲ್ಲೇ ಸಂಶೋಧನೆಗೆ ಸೇರಿದವರು, ಮೊನ್ನೆ ತಾನೇ ದನಿಯಿಲ್ಲದವರ ಇತಿಹಾಸ ಅಂತ ಭಾಷಣ ಬಿಗಿದವರು, ದನಿಯಿಲ್ಲದವರು ನಿಜವಾಗಿ ಸುಮ್ಮನಾದರೆ ಮಾತ್ರ ಇವರಿಗೆ ತಡೆಯಲಾಗುವುದಿಲ್ಲ. ಪ್ರಶ್ನೆಗಳೆಲ್ಲ ಮುಗಿಯುವ ತನಕ ಮಂಡಿಸಿದವಳು ಬಾಯಿ ತೆರೆಯಬಾರದು, ಇಲ್ಲಿನ ಪದ್ಧತಿ, ತಲೆ ಬಗ್ಗಿಸಿ ಬರೆದುಕೊಳ್ಳಬೇಕು, ಕೊನೆಗೆ ಎಲ್ಲರಿಗೂ ಧನ್ಯವಾದ ಹೇಳಬೇಕು, ಹೊಡೆಸಿಕೊಂಡವಳೇ ಕೋಲಿಗೆ ಎಣ್ಣೆ ಹಚ್ಚಿ ಹಿಂತಿರುಗಿಸಿದ ಹಾಗೆ. ಬರೆದುಕೊಳ್ಳುತ್ತಿದ್ದೇನೆ, ಪೆನ್ನು ಕಾಗದವನ್ನು ಹರಿಯುತ್ತಿದೆ. ಮೈಕು ಈಗ ಅಡಿಟಿಪ್ಪಣಿಯ ಕೈಗೆ ಬಂದಿದೆ, ಮದುವೆ ಕರೆಯೋಲೆಗೂ ಆಕರ ಕೇಳುವವನು, ನಾವಿಟ್ಟ ಹೆಸರೇ ಅವನಿಗೆ ಖಾಯಂ — ಅಲ್ಲ ಮೇಡಂ, ಇದನ್ನ ಉಲ್ಲೇಖ ಮಾಡೋದು ಹೇಗೆ, ಬಿಸಿ ಟೀ ಒಂದನೇ ಆಕರ, ಆರಿದ್ದು ಎರಡನೇ ಆಕರ ಅಂತಾನಾ, ಮತ್ತೆ ನಗೆ. ಕನ್ನಡಕದ ಮೇಲಿಂದ ನೋಡುವ ಹಿರಿಯ ಪ್ರಾಧ್ಯಾಪಕಿ ನಗಲಿಲ್ಲ, ಅದು ಇನ್ನೂ ಕೆಟ್ಟದ್ದು, ಅವರೆಂದರು, ಆ ಹೆಂಗಸು ಪ್ರಶ್ನೆಯನ್ನ ಜಾಣತನದಿಂದ ತಪ್ಪಿಸಿದ್ದಾಳೆ ಅಷ್ಟೆ, ಜೊತೆಗೆ ನಿನ್ನ ದೊಡ್ಡಮ್ಮ ಬೇರೆ, ಸ್ವಲ್ಪ ಅಂತರ ಇಟ್ಕೋಬೇಕಮ್ಮ. ಅಂತರ. ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆದೇ ಇತ್ತು, ಹೆಂಗಸರು ಗಾಬರಿಯಲ್ಲಿ ದಾರಿ ತಪ್ಪಿ ಸತ್ತರು ಎಂದು ವರದಿ ಬರೆದವರು ದೊಡ್ಡಮ್ಮ ಬಟ್ಟೆ ಒಗೆಯುತ್ತಿದ್ದ ಆ ಆಸ್ಪತ್ರೆಯ ಕಾರಿನಲ್ಲೇ ಬಂದು ಆಸ್ಪತ್ರೆಯ ಊಟವನ್ನೇ ಉಂಡು ಹೋದರು, ಅವರನ್ನು ಅಂತರ ಎಲ್ಲಿ ಎಂದು ಯಾರು ಕೇಳಿದರು, ಅದು ಮುದ್ರೆ ಬಿದ್ದ ದಾಖಲೆ, ಇದು ಟೀ. ಮೊದಲ ಸಾಲಿನಿಂದ ಮಾರ್ಗದರ್ಶಕರು ಮುಂದಕ್ಕೆ ಬಾಗಿ ಪಿಸುಗುಡುತ್ತಾರೆ, ಅಲ್ಲೇನೂ ಇರ್ಲಿಲ್ಲ ಕಣಮ್ಮ, ಬರೀ ಖಾಲಿ, ನಿನ್ನ ಸಮಯ ಉಳೀಲಿ ಅಂತ ತೆಗ್ದೆ — ಉಪಕಾರ ಮಾಡಿದ ಮುಖ. ಖಾಲಿಯಂತೆ. ಅಡುಗೆಮನೆಯ ಮೇಜಿನ ಆ ಕಡೆ ಅವಳು, ಈ ಕಡೆ ನಾನು, ನಾನು ಕೇಳಿದೆ, ಅವಳು ಟೀ ಲೋಟ ಬಿಟ್ಟಳು, ಬಲಗೈ ಮೆಲ್ಲಗೆ ಮೇಜಿನ ಡ್ರಾಯರಿನ ಹಿಡಿಗೆ ಹೋಯಿತು, ಕೀಲಿ ಕಳೆದು ಎಷ್ಟೋ ಕಾಲವಾದ ಡ್ರಾಯರು, ತೆರೆಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಆದರೂ ಎಳೆದಳು, ಕಟಕಟ, ಮತ್ತೆ ಎಳೆದಳು, ಕಣ್ಣು ನನ್ನ ಮೇಲಿರಲಿಲ್ಲ, ಎಲ್ಲೂ ಇರಲಿಲ್ಲ. ಆ ದಿನ ಒದ್ದೆ ಚಾದರ ಒಣಹಾಕಲು ಹೊರಗೆ ಹೋದದ್ದರಿಂದ ಬದುಕುಳಿದವಳು ಅವಳು, ಒಳಗಿದ್ದ ಗೆಳತಿಯರ ಹೆಸರನ್ನು ಮನೆಯಲ್ಲಿ ಎಂದೂ ಎತ್ತಿದವಳಲ್ಲ, ಅಂಗೈಗೆ ಅಡ್ಡಲಾಗಿ ಸುಟ್ಟ ಕಲೆ, ಚಿಕ್ಕವಳಿದ್ದಾಗ ಬೆರಳಾಡಿಸಿ ಇದೇನು ಎಂದರೆ ಬಿಸಿ ಪಾತ್ರೆ ಹಿಡ್ದೆ ಕಣೇ, ನಾನೊಬ್ಳು ದಡ್ಡಿ, ಎಂದು ನಗುತ್ತಿದ್ದಳು, ಯಾವ ಪಾತ್ರೆಗಿದೆ ಅಷ್ಟುದ್ದದ ಹಿಡಿ, ನಾನು ದಡ್ಡಿ, ಇಷ್ಟು ಓದಿದರೂ ಆ ಕೈ ಡ್ರಾಯರು ಎಳೆಯುವುದನ್ನು ನೋಡುವ ತನಕ ಅದು ಬಾಗಿಲ ಹಿಡಿಯ ಗುರುತೆಂದು ತಿಳಿಯಲಿಲ್ಲ. ಆಮೇಲೆ ಕೈ ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿ ಹೇಳಿದಳು, ಟೀ ಆರಿಹೋಯ್ತು, ಕುಡಿ. ಅದನ್ನು ಇವರು ನಗೆಹನಿ ಮಾಡಿದರು. ಪ್ರಶ್ನೆಗಳು ಮುಗಿದಂತಿವೆ, ಕುರ್ಚಿಗಳು ಕಿರುಗುಟ್ಟುತ್ತಿವೆ, ಮಾರ್ಗದರ್ಶಕರು ಎದ್ದು ಬಂದು ನನ್ನ ಪಕ್ಕ ನಿಂತಿದ್ದಾರೆ, ಆ ಭಾಗ ಕೈಬಿಡ್ತೀನಿ ಅಂತ ಒಂದು ಮಾತು ಹೇಳಿ ಥ್ಯಾಂಕ್ಸ್ ಹೇಳ್ಬಿಡಮ್ಮ, ಇಲ್ದಿದ್ರೆ ಈ ಅಧ್ಯಾಯಕ್ಕೆ ನಾನು ಸಹಿ ಹಾಕೋಕೆ ಆಗಲ್ಲ, ಪ್ರಬಂಧ ಇಲ್ಲೇ ನಿಲ್ಲುತ್ತೆ, ಯೋಚ್ನೆ ಮಾಡು. ಯೋಚಿಸಿದೆ. ಕತ್ತರಿ ಬೀಳದ ಮೂಲ ನನ್ನ ಮೊಬೈಲಿನಲ್ಲಿದೆ, ತೆಗೆದು ಮೈಕಿಗೆ ಹಿಡಿದೆ, ಕೈಬಿಡೋದಿಲ್ಲ ಸರ್, ಎಂದೆ, ದನಿ ನನ್ನದೇ ಎಂದು ಅನ್ನಿಸಲಿಲ್ಲ. ಬೀಗ ಹಾಕಿದ್ರಾ ದೊಡ್ಡಮ್ಮ. ಆಮೇಲೆ ಏನೂ ಇಲ್ಲ. ಯಾರೋ ಕೆಮ್ಮಿದರು, ಅಡಿಟಿಪ್ಪಣಿ ನಗಲು ಹೊರಟು ಅಕ್ಕಪಕ್ಕ ನೋಡಿ ಬಿಟ್ಟ, ನಿಲ್ಸಮ್ಮ ಅದನ್ನ, ಮಾರ್ಗದರ್ಶಕರು ಕೈ ಚಾಚಿದರು, ಕೊಡಲಿಲ್ಲ, ನಿಲ್ಸು ಅಂದ್ನಲ್ಲ, ಎಂದರು, ನಿಲ್ಲಿಸಲಿಲ್ಲ, ಕಟಕಟ, ಕೇಳಿಸಿಕೊಳ್ಳಲಿ, ಕಟಕಟ, ಹಿಡಿ, ಹಿಡಿಯ ಮೇಲೆ ಕೈ, ಎಳೆಯುತ್ತಿದೆ, ಕೈ, ಇನ್ನೂ ಎಳೆಯುತ್ತಿದೆ