ತುರಿಕೆಯಿಲ್ಲದ ಮೈ

ಪೊಗ್ಸಾ ಮುದುಕಿ ಬೆಳಿಗ್ಗೆಯಿಂದ ಸೋರೆಬುರುಡೆಯ ಚೂರಿನಿಂದ ಕಾಲು ಕೆರೆದುಕೊಳ್ಳುತ್ತಲೇ ಇದ್ದಳು. ಚರ್ಮ ಕಿತ್ತು ರಕ್ತ ಇಳಿದರೂ ಕೈ ನಿಲ್ಲಲಿಲ್ಲ. ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ಚೂರು ಕಿತ್ತುಕೊಳ್ಳಲು ಬಂದ ಮಗ ಕುಯಿರೆಯ ಕೈಯನ್ನೇ ಕಚ್ಚಿದಳು.

"ಸಾಯ್ತೀನಿ ಕಣೋ! ಮೈಯೊಳಗೆ ಬೆಂಕಿ ಇಟ್ಟಿದ್ದಾಳೆ ಅವಳು."

ಅವಳು ಅಂದರೆ ಆಯುಬೆ. ಮೂರು ದಿನದ ಹಿಂದೆ ದವಾಖಾನೆಯವರ ಪರವಾಗಿ ಊರಿಗೆಲ್ಲ ಮಾತ್ರೆ ಹಂಚಿದವಳು. ವೋಲ್ಟಾ ಹೊಳೆ ದಂಡೆಯ ಕಪ್ಪು ನೊಣ ಕಚ್ಚಿ, ಮೈಯಲ್ಲಿ ಹುಳ ಸೇರಿ, ಕೊನೆಗೆ ಕಣ್ಣನ್ನೇ ತೆಗೆಯುವ ರೋಗಕ್ಕೆ ಔಷಧಿ ಅದು. ಈ ಸಲ ಹಳೆಯದೊಂದು, ಹೊಸದೊಂದು, ಎರಡು ಬಗೆ ಬಂದಿತ್ತು. ಯಾವುದು ಹೆಚ್ಚು ಹುಳ ಕೊಲ್ಲುತ್ತದೆಂದು ನೋಡಲು ಚೀಟಿ ಎತ್ತಿ ಕೊಟ್ಟಿದ್ದರು. ಯಾರಿಗೆ ಯಾವುದು ಹೋಯಿತೆಂದು ಕೊಟ್ಟವಳಿಗೂ ಗೊತ್ತಿಲ್ಲ. ಹುಳ ಸಾಯುವಾಗ ಮೈ ತುರಿಸುತ್ತದೆ, ಊದುತ್ತದೆ, ಹುಳ ಇಲ್ಲದವರಿಗೆ ಏನೂ ಆಗುವುದಿಲ್ಲ ಎಂದು ಅವಳು ಮನೆಮನೆಗೂ ಹೇಳಿದ್ದಳು. ಕೇಳಿಸಿಕೊಳ್ಳುವ ಸಹನೆ ಯಾರಿಗಿತ್ತು?

ಎದುರಿನ ಅಂಗಳದಲ್ಲಿ ಆಯುಬೆಯ ಮೈದುನ ಜೋಳದ ಹೆಂಡ ಕುಡಿಯುತ್ತ ಹಾಯಾಗಿ ಕೂತಿದ್ದ. ಅವನಿಗೆ ತುರಿಕೆಯಿಲ್ಲ, ಊತವಿಲ್ಲ. ಕುಯಿರೆಯ ತಲೆ ಕೆಟ್ಟಿತು.

"ತಮ್ಮವರಿಗೆ ಔಷಧಿ, ನಮಗೆ ವಿಷ! ಏಳ್ರೋ!"

ಹತ್ತು ಜನ ಗುದ್ದಲಿ ಕಾವು ಹಿಡಿದು ನುಗ್ಗಿದರು. ಆಯುಬೆಯ ಗಂಡ ಬಾಗಿಲಿಗೆ ಅಡ್ಡ ನಿಂತ. ಮೊದಲ ಏಟಿಗೇ ಅವನ ಹಲ್ಲು ಉದುರಿದವು. ಹೆಂಡದ ಮಡಕೆಗಳು ಒಡೆದವು, ಕೋಳಿಗಳು ಕಾಲಡಿ ಸಿಕ್ಕಿ ಸತ್ತವು.

"ನನ್ನ ಮಗಳನ್ನ ನೋಡ್ರೋ! ಅವಳೂ ಊದ್ಕೊಂಡು ಮಲಗಿದ್ದಾಳೆ. ಹೆತ್ತ ಮಗಳಿಗೆ ವಿಷ ಹಾಕ್ತೀನಾ ನಾನು?" ಆಯುಬೆ ಕಿರುಚಿದಳು.

ಒಬ್ಬನೂ ಒಳಗೆ ಇಣುಕಲಿಲ್ಲ. ಕುಯಿರೆ ಅವಳ ತಲೆಗೇ ಕಾವು ಬೀಸಿದ. ಅವಳು ಅಡ್ಡ ಹಿಡಿದ ಬಲಗೈ ಲಟ್ಟನೆ ಮುರಿಯಿತು. ಆ ಸದ್ದು ಕೇಳಿಯೂ ಅವನು ನಿಲ್ಲಲಿಲ್ಲ. ಕೂದಲು ಹಿಡಿದು ಹೊಳೆಯ ಕಡೆಗೆ ದರದರನೆ ಎಳೆದ.

ಆಗ ಅವನ ತಲೆಯ ಮೇಲೆ ಬಿಸಿ ಬೂದಿ ಸುರಿಯಿತು.

ಕಿರುಚಾಟದ ಜಾಡು ಹಿಡಿದು ಬಂದು ಸುರಿದವನು ಕುರುಡ ಜಿಯೆಮ್ ಅಜ್ಜ. ಅವನ ಕುಲಕ್ಕೂ ಕುಯಿರೆಯ ಕುಲಕ್ಕೂ ತಲೆತಲಾಂತರದಿಂದ ಗೇಲಿಯ ನಂಟು, ಒಬ್ಬರು ಏನಂದರೂ ಇನ್ನೊಬ್ಬರು ಸಿಟ್ಟಾಗುವಂತಿಲ್ಲ. ಆ ನಂಟಿನವನು ಬೂದಿ ಎರಚಿದ ಮೇಲೆ ಹೊಡೆದಾಟ ಮುಂದುವರಿಸಿದವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಾವುಗಳು ಒಂದೊಂದಾಗಿ ಕೆಳಗಿಳಿದವು.

ಅಜ್ಜ ತಡವರಿಸುತ್ತ ಕುಯಿರೆಯ ತೋಳು, ಬೆನ್ನು, ಕುತ್ತಿಗೆ ಸವರಿದ.

"ಲೋ ನಾಯಿತಲೆ ತಿನ್ನೋನೇ, ನಿಮ್ಮವರಿಗೆಲ್ಲ ವಿಷ ಹಾಕಿದ್ಲು ಅಂತೀಯ. ನಿನ್ನ ಮೈಮೇಲೆ ಒಂದು ಗುಳ್ಳೆನೂ ಇಲ್ವಲ್ಲೋ! ನಿನ್ನೊಬ್ಬನ್ನ ಯಾಕೆ ಬಿಟ್ಲು? ಅವಳ ಅಳಿಯನಾ ನೀನು?"

ಯಾರೋ ನಕ್ಕರು. ಕುಯಿರೆ ನಗಲಿಲ್ಲ. ಅವನ ಜೊತೆ ಬಂದವರು ತಮ್ಮ ತೋಳಿನ ಗುಳ್ಳೆ ನೋಡಿಕೊಂಡರು, ಆಮೇಲೆ ಅವನನ್ನು ನೋಡಿದರು.

"ನಾನು ನುಂಗಲಿಲ್ಲ," ಎಂದ. "ನಾಲಿಗೆ ಕೆಳಗಿಟ್ಕೊಂಡು ಹೋಗಿ ಹಿತ್ತಲಲ್ಲಿ ಉಗಿದೆ."

"ಯಾಕೋ?"

"ಹೆದರಿಕೆ ಆಯ್ತು ಅಜ್ಜ. ಮೊದಲು ಅವ್ವ ನುಂಗ್ಲಿ, ಅವಳಿಗೇನಾಗುತ್ತೆ ನೋಡೋಣ ಅಂತ..."

ಅಜ್ಜ ಅವನ ತೋಳು ಬಿಟ್ಟು, ಆಯುಬೆ ನರಳುತ್ತಿದ್ದ ಕಡೆಗೆ ತಡವರಿಸುತ್ತ ನಡೆದ.

ಮಾತ್ರೆ ನುಂಗಿದ ಐದನೆಯ ದಿನಕ್ಕೆ ಪೊಗ್ಸಾಳ ಊತ ಇಳಿಯಿತು. ಮಗನ ವಿಷಯ ಅವಳಿಗೂ ಮುಟ್ಟಿತ್ತು. ಅವನ ಊಟ ಬಾಗಿಲಾಚೆ ಇಟ್ಟು ಒಳಗೆ ಹೋದಳು.

ಮರುದಿನ ಕುಯಿರೆ ಆಯುಬೆಯ ಅಂಗಳಕ್ಕೆ ಹೋದ. ಅವಳ ಕೈಗೆ ದಬ್ಬೆ ಕಟ್ಟಿತ್ತು. ಅರೆಯುವ ಕಲ್ಲಿನ ಪಕ್ಕ ಜೋಳದ ಬುಟ್ಟಿ ಹಾಗೇ ಕೂತಿತ್ತು. ಅವನು ಮಂಡಿಯೂರಿ ಅರೆಯತೊಡಗಿದ. ನಮ್ಮಲ್ಲಿ ಗಂಡಸು ಆ ಕಲ್ಲು ಮುಟ್ಟುವುದಿಲ್ಲ. ಬೇಲಿಯಾಚೆ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಅಕ್ಕ, ನಾನು ನುಂಗಿಲ್ಲ ಅಂತ ದವಾಖಾನೆಯವರಿಗೆ ಹೇಳಿಬಿಡು. ಇನ್ನೊಂದು ಮಾತ್ರೆ ಕೊಡ್ಲಿ."

"ಹೇಳಿದೆ. ಈ ಪರೀಕ್ಷೆಯಿಂದ ನಿನ್ನನ್ನ ತೆಗೆದ್ರು. ನಿನಗೆ ಮಾತ್ರೆ ಇನ್ನು ಮುಂದಿನ ವರ್ಷವೇ."

"ಅಷ್ಟರಲ್ಲಿ ಕಣ್ಣಿಗೇನಾದ್ರೂ ಆದ್ರೆ?"

"ನನಗೇನು ಗೊತ್ತು?" ಅವಳು ಎಡಗೈಯಲ್ಲಿ ಹಿಟ್ಟು ಮುಟ್ಟಿ ನೋಡಿದಳು. "ತರಿತರಿ ಇದೆ. ಇನ್ನೂ ನುಣ್ಣಗೆ ಅರಿ. ನಿನ್ನನ್ನ ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡ."

"ಇಲ್ಲ ಅಕ್ಕ," ಎಂದು ಕುಯಿರೆ ಹಿಟ್ಟನ್ನು ಮತ್ತೆ ಕಲ್ಲಿಗೆ ಹಾಕಿದ.