ನೀರು ಕಾಣದ ಚಿಂದಿ

ಬಟ್ಟೆ ರಿಪೇರಿ ಅಂಗಡಿಯಲ್ಲಿ ಅವಳಿಗೆ ನೀರಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಹೊಸ ಬಟ್ಟೆ ಯಾರೇ ತರಲಿ, ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕದೆ ಕತ್ತರಿ ಮುಟ್ಟುವವಳಲ್ಲ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ, ಬಣ್ಣ ಬಿಡುವುದಿದ್ದರೆ ಮೊದಲೇ ಬಿಡಲಿ, ಹೊಲಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರೆ ಬಂದೀತೇ ಎಂದು ಅವಳ ವಾದ. ಎದುರಿನ ಮಿಷನ್ನಿನಲ್ಲಿ ಕೂರುತ್ತಿದ್ದ ಅವಳ ತಂಗಿ, ಮದುವೆಗೆ ಮುಂಚೆ ಭಾವನನ್ನೂ ಒಂದು ಸಲ ಅದ್ದಿ ನೋಡಬೇಕಿತ್ತು ಎಂದು ಗಿರಾಕಿಗಳ ಮುಂದೆಯೇ ಛೇಡಿಸುತ್ತಿದ್ದಳು. ಆ ಭಾವ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿತ್ತು, ಹಾಗಾಗಿ ನೀರಕ್ಕನೂ ನಗುತ್ತಿದ್ದಳು.

ಆ ತಂಗಿ ಆರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ನಾಲ್ಕು ವರ್ಷದ ಮಗಳೊಬ್ಬಳು ಉಳಿದಳು. ದುಂಡು ಮುಖದ ಅವಳನ್ನು ಅಂಗಡಿಯವರೆಲ್ಲ ಗುಂಡಿ ಎನ್ನುತ್ತಿದ್ದರು, ಅಂಗಿಗೆ ಹಚ್ಚುವ ಗುಂಡಿ.

ತಂಗಿಯ ಗಂಡ ಬಸ್ ಡ್ರೈವರ್. ಮೂರನೇ ವಾರಕ್ಕೆ ಹೆಂಡತಿಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟ. ಕಣ್ಣೆದುರು ನೇತಾಡುತ್ತಿದ್ದರೆ ಬದುಕುವುದಕ್ಕಾಗುವುದಿಲ್ಲ ಅಕ್ಕ ಎಂದ. ನೀರಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಕಣ್ಣು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

ಫೋಟೋ ಇರಲಿಲ್ಲವೆಂದಲ್ಲ. ಒಂದು ದೊಡ್ಡದನ್ನೇ ಗೋಡೆಗೆ ಹಾಕಿದ್ದರು. ಏಳೆಂಟು ತಿಂಗಳಾದ ಮೇಲೆ ಗುಂಡಿ ಅದನ್ನು ಪಕ್ಕದ ಮನೆಯ ಹುಡುಗಿಗೆ ತೋರಿಸಿ, "ಇದು ಗೋಡೆ ಅಮ್ಮ" ಎಂದಳು. ನೀರಕ್ಕ ಅಲ್ಲೇ ನಿಂತಿದ್ದಳು. ಮಗುವಿನ ತಲೆಯಿಂದ ತಂಗಿ ಜಾರಿಹೋಗುತ್ತಿದ್ದಾಳೆ ಎಂದು ಅವಳಿಗೆ ಖಚಿತವಾದದ್ದು ಆಗಲೇ. ಅದಾದ ವಾರದಲ್ಲೇ ಡ್ರೈವರಿಗೆ ಬೇರೆ ಊರಿಗೆ ವರ್ಗವಾಯಿತು, ಇನ್ನೊಂದು ಮದುವೆಯೂ ಗೊತ್ತಾಯಿತು. ಗುಂಡಿ ಅಪ್ಪನ ಜೊತೆ ಹೋಗುವವಳು. ನೀರಕ್ಕನ ಕೈಯಲ್ಲಿ ಉಳಿದದ್ದು ಎರಡು ತಿಂಗಳು.

ತಂಗಿ ತನ್ನ ಬಟ್ಟೆಗಳನ್ನೆಲ್ಲ ಅಂಗಡಿಯಲ್ಲೇ ಹೊಲಿದುಕೊಂಡವಳು. ಕತ್ತರಿಸಿ ಬಿದ್ದ ಚೂರುಗಳು ಅವಳ ಮಿಷನ್ನಿನ ಕೆಳಗಿನ ಚೀಲದಲ್ಲಿ ಹಾಗೇ ಇದ್ದವು. ಬೆರಳಗಲದ ಪಟ್ಟಿ, ತೋಳಿನ ಮೂಲೆ, ಅಂಚಿನ ತುಂಡು, ಕೆಲವಂತೂ ಚಿಟಿಕೆಗೂ ಸಿಗದಷ್ಟು ಸಣ್ಣವು. ನೀರಕ್ಕ ಎಲ್ಲವನ್ನೂ ತೊಳೆದು ಒಣಗಿಸಿ, ಗೇಣಗಲದ ಅಸ್ತರಿನ ಚೌಕದ ಮೇಲೆ ಒಂದೊಂದಾಗಿ ಕೂರಿಸತೊಡಗಿದಳು. ನಡುವೆ ಒಂದು ಚೂರು, ಸುತ್ತ ಪಟ್ಟಿ, ಅದರ ಸುತ್ತ ಇನ್ನೊಂದು ಪಟ್ಟಿ. ಇಂಥ ಮೂವತ್ತು ಚೌಕ ಕೂಡಿದರೆ ಮಗುವಿಗೆ ಹೊದೆಯಲೊಂದು ಕೌದಿ.

ಕೌದಿ ಬರೀ ನೆಪ. ಒಂದೊಂದು ಬಣ್ಣಕ್ಕೂ ಒಂದೊಂದು ಕತೆ ಕಟ್ಟಿ ಮಗುವಿಗೆ ಬಾಯಿಪಾಠ ಮಾಡಿಸುವುದು ಅವಳ ಹಂಚಿಕೆ. ಹಳದಿ ಅಂಗಿಯಲ್ಲಿ ಅಮ್ಮ ಏಣಿಯಿಂದ ಜಾರಿ ಬಣ್ಣದ ಡಬ್ಬಿಯೊಳಗೆ ಕಾಲಿಟ್ಟದ್ದು. ಹಸಿರು ಗೆರೆಯದು ಹಾಕಿಕೊಂಡಿದ್ದಾಗ ಗುಂಡಿ ಮೊದಲ ಹೆಜ್ಜೆ ಇಟ್ಟದ್ದು. ನೀಲಿ ಚುಕ್ಕೆಯದು ಅಮ್ಮನಿಗೆ ಚೂರೂ ಒಪ್ಪುತ್ತಿರಲಿಲ್ಲ, ಆದರೂ ಹಟ ಹಿಡಿದು ಹಾಕಿಕೊಳ್ಳುತ್ತಿದ್ದಳು. ಗುಂಡಿ ಹೊಟ್ಟೆ ಹಿಡಿದುಕೊಂಡು ನಗುತ್ತ ಚೌಕಗಳ ಮೇಲೆ ಬೆರಳಿಟ್ಟು ಒಪ್ಪಿಸುತ್ತಿದ್ದಳು. ಇಪ್ಪತ್ತೆಂಟು ಕತೆ ಪಟಪಟನೆ ಹೇಳುವಷ್ಟಾದಾಗ ನೀರಕ್ಕನಿಗೆ ಎಷ್ಟೋ ದಿನಕ್ಕೆ ಮೊದಲ ಬಾರಿ ಊಟ ರುಚಿಸಿತು.

ತಪ್ಪಾದದ್ದು ಮೂವತ್ತನೆಯ ಚೌಕದಲ್ಲಿ. ಜ್ವರ ಬರುವ ಹಿಂದಿನ ದಿನ ತಂಗಿ, ಅಕ್ಕನ ಕಣ್ಣು ತಪ್ಪಿಸಿ ನೀರಿಗೆ ಅದ್ದದೆಯೇ ಹೊಲಿದುಕೊಂಡಿದ್ದ ಹೊಸ ಕೆಂಪಂಗಿಯ ಕಾಲರು ಕುತ್ತಿಗೆಗೆ ಚುಚ್ಚುತ್ತದೆ ಎಂದು ಅದನ್ನು ಕತ್ತರಿಸಿ ಮಿಷನ್ನಿನ ಡ್ರಾಯರಿಗೆ ಎಸೆದಿದ್ದಳು. ಎರಡೇ ದಿನ ಹಾಕಿದ ಅಂಗಿ, ಒಗೆಯಲು ಹಾಕಿರಲಿಲ್ಲ. ಆ ಕಾಲರಿನಲ್ಲಿ ಇನ್ನೂ ಅವಳ ವಾಸನೆ ಇತ್ತು, ಕುತ್ತಿಗೆಯ ಬೆವರು, ತಲೆಯ ಎಣ್ಣೆ. ನೀರಕ್ಕ ಅದನ್ನು ಬಕೆಟ್ಟಿನವರೆಗೆ ಒಯ್ದದ್ದು ಮೂರು ಸಲ. ಮೂರು ಸಲವೂ ಕೈ ಮುಳುಗಲಿಲ್ಲ. ಲೋಕಕ್ಕೆಲ್ಲ ನೀರಿನ ಪಾಠ ಹೇಳಿದವಳು, ತನ್ನ ಪಾಲಿಗೆ ಬಂದಾಗ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬಂತೆ ನೀರು ಕಾಣದ ಚಿಂದಿಯನ್ನೇ ಕೌದಿಯ ನಡುವಿಗೆಂದು ಉಳಿಸಿಕೊಂಡಿದ್ದ ಚೌಕಕ್ಕೆ ಹಾಕಿ ಹೊಲಿದುಬಿಟ್ಟಳು. ಮಗು ಮುಖ ಒತ್ತಿ ಮಲಗಿದರೆ ಅಮ್ಮ ಸಿಗಲಿ ಎಂದುಕೊಂಡಳು. ಇದಕ್ಕೆ ಅವಳನ್ನು ಬೈಯುವವರು ಬೈಯಲಿ.

ಗುಂಡಿಯನ್ನು ಕರೆದುಕೊಂಡು ಹೋಗಲು ಡ್ರೈವರನ ಹೊಸ ಹೆಂಡತಿಯೂ ಬಂದಿದ್ದಳು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವ, ಕೈಯೆಲ್ಲ ಒರಟಾದ, ಮೆತ್ತಗೆ ಮಾತಾಡುವ ಹೆಂಗಸು. ಅವಳೂ ಅಕ್ಕ ಎಂದೇ ಕರೆದಳು. ಕೌದಿಯನ್ನು ಒಗೆಯಬೇಡ ಎಂದು ಹೇಳಲು ನೀರಕ್ಕ ಬಾಯಿ ತೆರೆದಳು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ನಿನ್ನ ಮನೆಯಲ್ಲಿ ಸತ್ತವಳ ವಾಸನೆ ಇಟ್ಟುಕೊಂಡಿರು ಎಂದೇ? ಹೊಸದಾಗಿ ಸಂಸಾರಕ್ಕೆ ಕಾಲಿಡುವವಳಿಗೆ ಆ ಮಾತು ಹೇಳಲಾಗದೆ ಬಾಯಿ ಮುಚ್ಚಿಕೊಂಡಳು.

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸು ಗುಂಡಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಚೀಲದಿಂದ ಕೌದಿ ತೆಗೆದು ಕತ್ತರಿಸುವ ಮೇಜಿನ ಮೇಲೆ ಹಾಸಿದಳು. ನಡುವಿನಿಂದ ಹೊರಟ ಕೆಂಪು ಅಂಚಿನವರೆಗೂ ಹಬ್ಬಿತ್ತು. ಹಳದಿ, ಹಸಿರು, ನೀಲಿ ಯಾವುದೂ ಇರಲಿಲ್ಲ. ಇಡೀ ಕೌದಿ ಒಂದೇ ಕೊಳಕು ಗುಲಾಬಿ.

"ಮಗು ಹಾಸಿಗೆ ಒದ್ದೆ ಮಾಡ್ಕೊಂಡಿತ್ತು ಅಕ್ಕ. ಬಿಸಿನೀರಲ್ಲಿ ನೆನೆಹಾಕ್ದೆ. ನನಗೆ ಗೊತ್ತಿರೋ ಕೆಲಸ ಅದೊಂದೇ."

ನೀರಕ್ಕ ಕೌದಿಯ ನಡುವಿಗೆ ಮೂಗು ಒತ್ತಿದಳು. ಸೋಪಿನ ವಾಸನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎದುರು ನಿಂತವಳನ್ನು ದೂರಿದ್ದರೆ ಹೊಟ್ಟೆಯ ಉರಿ ಅರ್ಧವಾದರೂ ಇಳಿಯುತ್ತಿತ್ತೇನೋ. ಆದರೆ ಮಾಡಿದವಳು ತಾನು. ನಿನ್ನ ತಪ್ಪಲ್ಲ ಕಣಮ್ಮ, ನಾನು ತೊಳೆಯದೆ ಹೊಲಿದೆ ಎಂದಷ್ಟೇ ಹೇಳಿದಳು.

ಆಮೇಲೆ ಗುಂಡಿಯನ್ನು ಮೇಜಿನ ಮೇಲೆ ಕೂರಿಸಿ, ಒಂದು ಚೌಕದ ಮೇಲೆ ಅವಳ ಬೆರಳಿಟ್ಟು, ಇದು ಯಾವುದು ಹೇಳು ಎಂದಳು. ಗೊತ್ತಿಲ್ಲ ಎಂದಿತು ಮಗು. ಪಕ್ಕದ್ದು? ಅದೂ ಗೊತ್ತಿಲ್ಲ. ಏಣಿ ಹತ್ತಿದ್ದು ಯಾರು ಎಂದು ಕೇಳಿದರೆ, ಯಾವ ಏಣಿ ಎಂದಿತು. ಬಣ್ಣ ಹಿಡಿದು ಕಲಿತ ಪಾಠ ಬಣ್ಣದ ಜೊತೆಗೇ ಹೋಗಿತ್ತು. ತಿದ್ದೋಣವೆಂದು ನೀರಕ್ಕ ಬಗ್ಗಿದಳು. ಹಸಿರು ಗೆರೆಯ ಚೌಕ ಎಲ್ಲಿತ್ತೆಂದು ಅವಳಿಗೇ ತಿಳಿಯಲಿಲ್ಲ.

ಹೊಸ ತಾಯಿ ಮೆಲ್ಲಗೆ ಚೀಲದ ತಳದಿಂದ ಇನ್ನೊಂದು ಪೊಟ್ಟಣ ತೆಗೆದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ಮಗೂಗೆ ಕೌದಿ ಅಂದ್ರೆ ಆಸೆ. ನನ್ನ ಹಳೇ ಬಟ್ಟೆ ತಂದಿದೀನಿ, ಇನ್ನೊಂದು ಹೊಲಿದುಕೊಡ್ತೀರಾ?"

ಆಗುವುದಿಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೆ ಮಗು ಈ ಅಂಗಡಿಗೆ ಮತ್ತೆ ಬರಲು ನೆಪವೇ ಉಳಿಯುತ್ತಿರಲಿಲ್ಲ. ನೀರಕ್ಕ ತಲೆಯಾಡಿಸಿದಳು.

ಗುಂಡಿ ಆಗಲೇ ಪೊಟ್ಟಣ ಬಿಚ್ಚಿ ಒಂದು ಕಂದು ಅಂಗಿಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು.

"ಇದನ್ನ ನಡುವೆ ಹಾಕು ದೊಡ್ಡಮ್ಮ. ಇದು ಹಾಕ್ಕೊಂಡಿದ್ದಾಗ ಅಮ್ಮ ಬಸ್ಸಲ್ಲಿ ನಿದ್ದೆ ಮಾಡಿ ಸ್ಟಾಪೇ ಬಿಟ್ಬಿಟ್ಳು, ಗೊತ್ತಾ? ನಾವಿಬ್ರೂ ನಡ್ಕೊಂಡೇ ಬಂದ್ವಿ."

ಮಗು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನೀರಕ್ಕ ಅಂಗಿಯನ್ನು ತೆಗೆದುಕೊಂಡು ಕತ್ತರಿಗಾಗಿ ಕೈ ಚಾಚಿದಳು.